ಟರ್ಬೊ ಸೋವಿ, ಹಿಡಿತ ದುಬಾರಿ

ಹಳೆಯ ಕಾರಿಗೆ ಟರ್ಬೊ ಕೂರಿಸುವ ಆಸೆ ಎಷ್ಟೋ ಹುಡುಗರಿಗೆ ಗುಜರಿ ಅಂಗಡಿಯ ಮುಂದೆ ನಿಂತಾಗ ಹುಟ್ಟುತ್ತದೆ. ಬೆಂಗಳೂರಿನ ಶಿವಾಜಿನಗರದಲ್ಲಿ ಡೀಸೆಲ್ ಕಾರುಗಳಿಂದ ಬಿಚ್ಚಿದ ಟರ್ಬೊಗಳು ಆಲ್ಟರ್ನೇಟರ್, ಸ್ಟಾರ್ಟರ್ ಮೋಟರ್‌ಗಳ ಪಕ್ಕ ರಾಶಿ ಬಿದ್ದಿರುತ್ತವೆ. ಚೌಕಾಸಿ ಮಾಡಿದರೆ ಹೊಸದರ ಬೆಲೆಯ ಸಣ್ಣದೊಂದು ಪಾಲಿಗೆ ಒಂದು ಕೈಗೆ ಬರುತ್ತದೆ. ಮನೆಯಲ್ಲಿ ಹಳೆಯ ಮಾರುತಿ ಎಸ್ಟೀಮ್ ಇದೆ, ಪಕ್ಕದ ಬೀದಿಯಲ್ಲಿ ವೆಲ್ಡಿಂಗ್ ಅಂಗಡಿ ಇದೆ, ಇನ್ನೇನು ಬೇಕು ಎಂದು ಲೆಕ್ಕ ಶುರುವಾಗುತ್ತದೆ.

ತಪ್ಪಿರುವುದು ಈ ಲೆಕ್ಕದಲ್ಲೇ. ಇಡೀ ಕೆಲಸದಲ್ಲಿ ಟರ್ಬೊ ಸೋವಿ ಸಾಮಾನುಗಳ ಸಾಲಿಗೆ ಸೇರಿದ್ದು. ಅದು ತಳ್ಳುವ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಒದಗಿಸಬೇಕು, ಕಿಡಿ ಹಾರುವ ಸಮಯ ಬದಲಿಸಬೇಕು, ಹೆಚ್ಚಿದ ಶಾಖವನ್ನು ಎಂಜಿನ್ನಿನಿಂದ ಹೊರಗೆ ಸಾಗಿಸಬೇಕು. ಹಣ ಕರಗುವುದು ಅಲ್ಲಿ. ಕೈಯಲ್ಲಿ ಕಡಿಮೆ ದುಡ್ಡಿರುವವರು ಗಾಳಿಯ ಒತ್ತಡವನ್ನು ಕಡಿಮೆ ಇಟ್ಟುಕೊಳ್ಳಬೇಕೇ ಹೊರತು ಅದನ್ನು ಹಿಡಿತದಲ್ಲಿಡುವ ಸಾಮಾನುಗಳಲ್ಲಿ ಕಂಜೂಸಿ ಮಾಡಬಾರದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಅಕ್ಷರಶಃ ಎಂಜಿನ್ ಉಳಿಸುವ ಸೂತ್ರ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಶದ ಕಾನೂನು ಇಂತಹ ಕಾರನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸಲು ಸುಲಭವಾಗಿ ಬಿಡುವುದಿಲ್ಲ. ಅದರ ವಿವರಕ್ಕೆ ಕೊನೆಯಲ್ಲಿ ಬರೋಣ. ಆದರೆ ಯೋಜನೆ ಹಾಕುವವರು ಅದನ್ನು ತಲೆಯಲ್ಲಿಟ್ಟುಕೊಂಡೇ ಮುಂದೆ ಓದಬೇಕು.

ಎತ್ತರದ ಊರಿನ ಯಂತ್ರ

ಎಂಜಿನ್ನಿನಿಂದ ಹೊರಬರುವ ಹೊಗೆಯಲ್ಲಿ ಇನ್ನೂ ಬೇಕಾದಷ್ಟು ಶಾಖ, ಒತ್ತಡ ಉಳಿದಿರುತ್ತದೆ. ಮಾಮೂಲಿ ಕಾರಿನಲ್ಲಿ ಅದು ಸೈಲೆನ್ಸರಿನಿಂದ ಹೊರಗೆ ಹೋಗಿ ದಂಡವಾಗುತ್ತದೆ. ಟರ್ಬೊದಲ್ಲಿ ಅದೇ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರ ಕೂತಿರುವ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಎಳೆದು ಒತ್ತಿ ಸಿಲಿಂಡರಿನ ಕಡೆಗೆ ತಳ್ಳುತ್ತದೆ. ಸಣ್ಣ ಕಾರುಗಳ ಟರ್ಬೊ ನಿಮಿಷಕ್ಕೆ ಒಂದೂವರೆಯಿಂದ ಎರಡು ಲಕ್ಷ ಸುತ್ತು ತಿರುಗುತ್ತದೆ. ಆ ವೇಗದಲ್ಲಿ ದಂಡವನ್ನು ಆಧರಿಸಿ ಹಿಡಿದಿರುವುದು ತೆಳುವಾದ ಎಣ್ಣೆಯ ಪದರ ಮಾತ್ರ. ಈ ಒಂದು ಸಂಗತಿ ನೆನಪಿದ್ದರೆ ಮುಂದೆ ಬರುವ ಅರ್ಧ ಎಚ್ಚರಿಕೆಗಳು ತಾವಾಗಿಯೇ ಅರ್ಥವಾಗುತ್ತವೆ.

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಈ ಕಲ್ಪನೆಗೆ ಪೇಟೆಂಟ್ ಪಡೆದರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ ಲಿಬರ್ಟಿ ವಿಮಾನ ಎಂಜಿನ್ ಒಂದನ್ನು ಕೊಲರಾಡೊದ ಪೈಕ್ಸ್ ಪೀಕ್ ಬೆಟ್ಟದ ನೆತ್ತಿಗೆ, 14,000 ಅಡಿಗೂ ಹೆಚ್ಚಿನ ಎತ್ತರಕ್ಕೆ ಒಯ್ದು ಟರ್ಬೊ ಹಾಕಿ ಪರೀಕ್ಷಿಸಿದರು. ತೆಳುವಾದ ಗಾಳಿಯಲ್ಲಿ ಸೊರಗುವ ಎಂಜಿನ್ ಸಮುದ್ರ ಮಟ್ಟದಲ್ಲಿ ಕೊಡುವಷ್ಟೇ ಶಕ್ತಿಯನ್ನು ಅಲ್ಲಿಯೂ ಕೊಟ್ಟಿತು. ಎಂದರೆ ಎತ್ತರದಲ್ಲಿ ಕಳೆದುಕೊಂಡ ಗಾಳಿಯನ್ನು ಮರಳಿ ತುಂಬಿಕೊಡುವುದು ಟರ್ಬೊ ಮಾಡಿದ ಮೊದಲ ದೊಡ್ಡ ಕೆಲಸಗಳಲ್ಲೊಂದು.

ಇದು ಬೆಂಗಳೂರಿಗರಿಗೆ ನೇರವಾಗಿ ಸಂಬಂಧಿಸಿದ ವಿಷಯ. ಮಂಗಳೂರಿನ ಕಡಲ ದಂಡೆಯಲ್ಲಿ ಗಾಳಿಯ ಒತ್ತಡ ಸುಮಾರು 1.01 ಬಾರ್. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು 0.91ರ ಆಸುಪಾಸು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ 0.8ರ ಹತ್ತಿರ. ಟರ್ಬೊ ಇಲ್ಲದ ಪೆಟ್ರೋಲ್ ಕಾರು ಬೆಂಗಳೂರಿನಲ್ಲಿ ತನ್ನ ಶಕ್ತಿಯ ಹತ್ತರಲ್ಲೊಂದು ಪಾಲನ್ನು ಕಳೆದುಕೊಂಡೇ ಓಡುತ್ತಿರುತ್ತದೆ.

1962ರ ಪಾಠ

ಜನಸಾಮಾನ್ಯರ ಕಾರಿಗೆ ಟರ್ಬೊ ಬಂದದ್ದು 1962ರಲ್ಲಿ, ಜನರಲ್ ಮೋಟರ್ಸ್‌ನ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಮತ್ತು ಷೆವ್ರೊಲೆ ಕೊರ್ವೇರ್ ಮೊಂಜಾ ಸ್ಪೈಡರ್ ಮೂಲಕ. ಮನೆಯಲ್ಲಿ ಟರ್ಬೊ ಕೂರಿಸುವವರೆಲ್ಲ ಜೆಟ್‌ಫೈರ್ ಕಥೆಯನ್ನು ಓದಲೇಬೇಕು. ಅದರ 3.5 ಲೀಟರ್ ವಿ8 ಎಂಜಿನ್ನಿನ ಕಂಪ್ರೆಷನ್ ಅನುಪಾತ 10.25. ಟರ್ಬೊ ಎಂಜಿನ್ನಿಗೆ ಅದು ಬಹಳ ಹೆಚ್ಚು. ನಾಕಿಂಗ್, ಎಂದರೆ ಸಿಲಿಂಡರಿನೊಳಗಿನ ಮಿಶ್ರಣ ಹೊತ್ತಿಗೆ ಮೊದಲೇ ತಾನಾಗಿ ಸ್ಫೋಟಿಸುವುದನ್ನು ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಗಾಳಿಯ ಜೊತೆ ಸಿಂಪಡಿಸುವ ವ್ಯವಸ್ಥೆಯನ್ನು ಕಂಪನಿ ಮಾಡಿತ್ತು. ಆ ದ್ರವಕ್ಕೆ ಪ್ರತ್ಯೇಕ ಟ್ಯಾಂಕು, ಅದನ್ನು ಆಗಾಗ ತುಂಬಿಸಬೇಕು. ಮಾಲೀಕರು ತುಂಬಿಸಲಿಲ್ಲ. ಖಾಲಿಯಾದರೆ ಶಕ್ತಿ ತಗ್ಗಿಸುವ ಏರ್ಪಾಡು ಇತ್ತಾದರೂ ಜನರಿಗೆ ಬೇಸರ ಬಂತು, ದೂರುಗಳು ಬಂದವು. ಕೊನೆಗೆ ಕಂಪನಿಯೇ ಟರ್ಬೊ ಬಿಚ್ಚಿ ಮಾಮೂಲಿ ಕಾರ್ಬ್ಯುರೇಟರ್ ಹಾಕಿಕೊಡಲು ಮುಂದಾಯಿತು. ಟರ್ಬೊ ಕೆಟ್ಟು ಸೋತ ಯೋಜನೆ ಇದಲ್ಲ. ಮಾಲೀಕ ದಿನವೂ ಗಮನಿಸಿದರೆ ಮಾತ್ರ ಉಳಿಯುವಂತಹ ಎಂಜಿನ್ ಅದಾಗಿತ್ತು, ಅದಕ್ಕೇ ಸೋತಿತು.

ಸ್ವೀಡನ್ನಿನ ಸಾಬ್ ಕಂಪನಿ 1977ರಲ್ಲಿ 99 ಟರ್ಬೊ ಕಾರನ್ನು ತೋರಿಸಿದಾಗ ದಾರಿ ಬೇರೆಯಾಗಿತ್ತು. ಟರ್ಬೊ ಚಿಕ್ಕದು, ಒತ್ತಡ ಮಿತ. ಮಿತಿ ಮೀರುವ ಹೊಗೆಯನ್ನು ವೇಸ್ಟ್‌ಗೇಟ್ ಎಂಬ ಬಾಗಿಲು ಪಕ್ಕಕ್ಕೆ ಬಿಟ್ಟುಬಿಡುತ್ತದೆ. ರೇಸಿನ ತುದಿವೇಗ ಬಿಟ್ಟು, ಊರಿನ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಬೇಕಾಗುವ ಪಿಕಪ್ಪನ್ನು ಗುರಿಯಾಗಿಟ್ಟುಕೊಂಡು ಮಾಡಿದ ಕಾರದು. 1980ರ ದಶಕದ ಆರಂಭದಲ್ಲಿ ಅದೇ ಕಂಪನಿ ನಾಕಿಂಗ್ ಸದ್ದನ್ನು ಸೆನ್ಸರಿನಿಂದ ಗುರುತಿಸಿ ಒತ್ತಡ ಇಳಿಸುವ ವ್ಯವಸ್ಥೆಯನ್ನೂ ತಂದಿತು. ಸೀಮಿತ ಹಣದಲ್ಲಿ ಕೆಲಸ ಮಾಡುವವರು ಸಾಬ್ ಹಿಡಿದ ದಾರಿಯಲ್ಲೇ ಹೋಗಬೇಕು.

ಎಸ್ಟೀಮ್ ಲೆಕ್ಕ

1994ರಲ್ಲಿ ಬಂದ ಎಸ್ಟೀಮ್, ಸುಜುಕಿಯ ಜಿ ಸರಣಿಯ 1298 ಸಿಸಿ ಎಂಜಿನ್ನಿನ ಕಾರು. ನಂತರದ 16 ವಾಲ್ವ್, ಎಂಪಿಎಫ್‌ಐ ಮಾದರಿ 85 ಅಶ್ವಶಕ್ತಿ ಕೊಡುತ್ತಿತ್ತು. ಹಗುರವಾದ ಕಾರು, ಗಟ್ಟಿ ಎಂಜಿನ್, ಬಿಡಿಭಾಗಗಳ ಪರಿಚಯ ಎಲ್ಲ ಮೆಕ್ಯಾನಿಕ್‌ಗಳಿಗೂ ಇದೆ. ನಮ್ಮ ರ‍್ಯಾಲಿಗಳಲ್ಲಿ ಜಿಪ್ಸಿ, ಎಸ್ಟೀಮ್‌ಗಳು ವರ್ಷಗಟ್ಟಲೆ ಓಡಿದ್ದಕ್ಕೆ ಕಾರಣ ಇದೇ. ಇದೇ ಜಿ ಸರಣಿಯ ಮೂರು ಸಿಲಿಂಡರಿನ ಒಂದು ಲೀಟರ್ ಎಂಜಿನ್ನಿಗೆ ಸುಜುಕಿಯೇ ಟರ್ಬೊ ಕೂರಿಸಿತ್ತು. ಉತ್ತರ ಅಮೆರಿಕದಲ್ಲಿ 1987ರ ಹೊತ್ತಿಗೆ ಅದು ಷೆವ್ರೊಲೆ ಸ್ಪ್ರಿಂಟ್ ಟರ್ಬೊ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಸಾದಾ ಸ್ಪ್ರಿಂಟ್‌ನ 48 ಅಶ್ವಶಕ್ತಿ ಅಲ್ಲಿ 70ಕ್ಕೆ ಏರಿತ್ತು. ಆದರೆ ಕಾರ್ಖಾನೆ ಅದಕ್ಕಾಗಿ ಕಂಪ್ರೆಷನ್ ಇಳಿಸಿತ್ತು, ಇಂಧನದ ವ್ಯವಸ್ಥೆಯನ್ನೇ ಬದಲಿಸಿತ್ತು. ಮನೆಯಲ್ಲಿ ಮಾಡುವವರು ಪಿಸ್ಟನ್ ಬದಲಿಸುವುದಿಲ್ಲ ಎಂದಾದರೆ ಒತ್ತಡವನ್ನು ಅದಕ್ಕಿಂತಲೂ ಹುಷಾರಾಗಿ ಆರಿಸಿಕೊಳ್ಳಬೇಕು.

ನನ್ನ ಸಲಹೆ 0.4 ಬಾರ್. ಪಂಕ್ಚರ್ ಅಂಗಡಿಯ ಭಾಷೆಯಲ್ಲಿ ಸುಮಾರು 6 ಪೌಂಡ್. ಇಷ್ಟು ಸಣ್ಣ ಒತ್ತಡದಿಂದ ಏನು ಪ್ರಯೋಜನ ಎನ್ನುವವರು ಕಾಗದ, ಪೆನ್ನು ತೆಗೆದುಕೊಳ್ಳಲಿ. ಬೆಂಗಳೂರಿನಲ್ಲಿ 0.91 ಬಾರ್ ಗಾಳಿಗೆ 0.4 ಸೇರಿಸಿದರೆ 1.31. ಎಂದರೆ ಟರ್ಬೊ ಗಾಳಿಯನ್ನು ಸುಮಾರು 1.44 ಪಟ್ಟು ಒತ್ತಬೇಕು. ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುವುದೂ ಇದೇ ಕಾರಣಕ್ಕೆ. 30 ಡಿಗ್ರಿಯ ಗಾಳಿ ಸಾಧಾರಣ ದಕ್ಷತೆಯ ಟರ್ಬೊದಿಂದ ಹೊರಬರುವಾಗ 80 ಡಿಗ್ರಿಯ ಹತ್ತಿರ ಇರುತ್ತದೆ. ಅದನ್ನು ಹಾಗೇ ಎಂಜಿನ್ನಿಗೆ ಬಿಟ್ಟರೆ ಸಿಲಿಂಡರಿಗೆ ಹೋಗುವ ಗಾಳಿಯ ತೂಕ ಹೆಚ್ಚುವುದು ಶೇ 25ರಷ್ಟು ಮಾತ್ರ. ನಡುವೆ ಇಂಟರ್‌ಕೂಲರ್ ಇಟ್ಟು 45 ಡಿಗ್ರಿಗೆ ಇಳಿಸಿದರೆ ಅದು ಶೇ 36ರವರೆಗೆ ಹೋಗುತ್ತದೆ. ಬೆಂಗಳೂರಿನಲ್ಲಿ 76ರಷ್ಟು ಅಶ್ವಶಕ್ತಿ ಕೊಡುವ ಎಸ್ಟೀಮ್, ಎಲ್ಲವೂ ಸರಿಯಾಗಿದ್ದರೆ, 100ರ ಹತ್ತಿರ ಬರುತ್ತದೆ. ಇಂಟರ್‌ಕೂಲರಿನಿಂದ ಬರುವ ಈ ಲಾಭಕ್ಕೆ ಒತ್ತಡ ಒಂದಿಷ್ಟೂ ಹೆಚ್ಚಿಸಬೇಕಿಲ್ಲ. ಜೊತೆಗೆ ತಣ್ಣಗಿನ ಗಾಳಿ ನಾಕಿಂಗ್ ಅಪಾಯವನ್ನೂ ತಗ್ಗಿಸುತ್ತದೆ. ಅದಕ್ಕೇ ಇಂಟರ್‌ಕೂಲರನ್ನು 'ಆಮೇಲೆ ಹಾಕೋಣ' ಎನ್ನುವ ಪಟ್ಟಿಗೆ ಸೇರಿಸಬೇಡಿ.

ವೇಸ್ಟ್‌ಗೇಟಿನ ಸ್ಪ್ರಿಂಗ್ ಹೊರಗಿನ ಗಾಳಿಗೆ ಹೋಲಿಸಿ ಒತ್ತಡ ಅಳೆಯುತ್ತದೆ ಎಂಬುದನ್ನೂ ಗಮನಿಸಿ. ಘಾಟಿ ಹತ್ತಿ ಮುಳ್ಳಯ್ಯನಗಿರಿಗೆ ಹೋದರೂ ಗೇಜು 0.4 ಎಂದೇ ತೋರಿಸುತ್ತದೆ. ಆದರೆ 0.8ರಿಂದ 1.2ಕ್ಕೆ ಒತ್ತಲು ಟರ್ಬೊ ಇನ್ನೂ ಜೋರಾಗಿ ತಿರುಗಬೇಕಾಗುತ್ತದೆ. ಟರ್ಬೊ ಆರಿಸುವಾಗ ಅದರ ತುದಿಮಿತಿಗೆ ಅಂಟಿಕೊಂಡಿರುವಂಥದ್ದನ್ನು ಆರಿಸಬಾರದು ಎನ್ನುವುದು ಇದಕ್ಕೇ.

ಮೊದಲ ಖರ್ಚು ಎಂಜಿನ್ನಿನ ಆರೋಗ್ಯಕ್ಕೆ

ಗುಜರಿಗೆ ಹೋಗುವ ಮುನ್ನ ಗ್ಯಾರೇಜಿಗೆ ಹೋಗಿ ಕಂಪ್ರೆಷನ್ ಟೆಸ್ಟ್ ಮಾಡಿಸಬೇಕು. ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಗೇಜಿನ ಮುಳ್ಳು ನಾಲ್ಕೂ ಸಿಲಿಂಡರಿಗೆ ಹೆಚ್ಚು ಕಡಿಮೆ ಒಂದೇ ಅಂಕಿ ತೋರಿಸಬೇಕು. ಗರಿಷ್ಠಕ್ಕೂ ಕನಿಷ್ಠಕ್ಕೂ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ರಿಂಗ್ ಸವೆದಿದೆ, ವಾಲ್ವ್ ಕೂರುತ್ತಿಲ್ಲ ಅಥವಾ ಹೆಡ್ ಗ್ಯಾಸ್ಕೆಟ್ ಸೋರುತ್ತಿದೆ ಎಂದರ್ಥ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆದಾಗ ಅಂಕಿ ಏರಿದರೆ ದೋಷ ರಿಂಗಿನದು, ಏರದಿದ್ದರೆ ವಾಲ್ವಿನದೋ ಗ್ಯಾಸ್ಕೆಟ್ಟಿನದೋ. ಇಪ್ಪತ್ತು ವರ್ಷ ಓಡಿದ ಎಂಜಿನ್ ಈ ಪರೀಕ್ಷೆಯಲ್ಲಿ ಸೋತರೆ ಇಡೀ ಬಜೆಟ್ಟನ್ನು ಎಂಜಿನ್ ಕೆಲಸಕ್ಕೇ ಇಡಿ. ಟರ್ಬೊ ಮುಂದಿನ ವರ್ಷ ಬರಲಿ. ದಣಿದ ಎಂಜಿನ್ನಿಗೆ ಟರ್ಬೊ ಹಾಕಿದರೆ ಎರಡೂ ಹಾಳಾಗುತ್ತವೆ.

ರೇಡಿಯೇಟರಿನ ಒಳಗಿನ ಕೆಸರು, ಹಳೆಯ ಕೂಲಂಟ್ ಹೋಸು, ಬ್ರೇಕ್ ಪ್ಯಾಡು, ಕ್ಲಚ್ ಪ್ಲೇಟು ಎಲ್ಲವನ್ನೂ ಇದೇ ಹಂತದಲ್ಲಿ ನೋಡಬೇಕು. ತಿರುಗುಬಲ ಮೂರರಲ್ಲೊಂದು ಪಾಲು ಹೆಚ್ಚಿದಾಗ ಮೊದಲು ಜಾರುವುದು ಕ್ಲಚ್ಚು.

ಗುಜರಿಯಲ್ಲಿ ಕಣ್ಣು, ಬೆರಳು

ಈಗ ಟರ್ಬೊ. ಡೀಸೆಲ್ ಕಾರಿನ ಟರ್ಬೊ ಹೇರಳವಾಗಿ ಸಿಗುತ್ತದೆ, ಬೆಲೆಯೂ ಕಡಿಮೆ. ಆದರೆ ಡೀಸೆಲ್ ಹೊಗೆಗಿಂತ ಪೆಟ್ರೋಲ್ ಹೊಗೆ ಬಿಸಿ. ಪೂರ್ತಿ ಆಕ್ಸಿಲರೇಟರಿನಲ್ಲಿ 900 ಡಿಗ್ರಿ ದಾಟುವುದು ಮಾಮೂಲು. ಅದರಲ್ಲೂ ವಿಜಿಟಿ ಎಂದು ಕರೆಯುವ, ಒಳಗೆ ಅಲುಗಾಡುವ ರೆಕ್ಕೆಗಳಿರುವ ಡೀಸೆಲ್ ಟರ್ಬೊವನ್ನು ಪೆಟ್ರೋಲ್ ಎಂಜಿನ್ನಿಗೆ ಹಾಕಲೇಬಾರದು. ಆ ಶಾಖಕ್ಕೆ ರೆಕ್ಕೆಗಳು ಕಚ್ಚಿಕೊಂಡುಬಿಡುತ್ತವೆ. ಪೋರ್ಷೆ 911 ಟರ್ಬೊ ಕಾರಿಗೆ ಅಂಥದ್ದನ್ನು ಹಾಕಲು 2006ರವರೆಗೆ ಕಾಯಬೇಕಾಯಿತು, ಅದೂ ವಿಮಾನ ಎಂಜಿನ್ನಿಗೆ ಬಳಸುವಂತಹ ಶಾಖ ತಡೆಯುವ ಲೋಹಗಳ ನೆರವಿನಿಂದ. ಅಲುಗಾಡುವ ರೆಕ್ಕೆಗಳಿಲ್ಲದ ಸಣ್ಣ ಟರ್ಬೊ, ಉದಾಹರಣೆಗೆ 1.3 ಲೀಟರ್ ಮಲ್ಟಿಜೆಟ್ ಡೀಸೆಲ್‌ನ 75 ಅಶ್ವಶಕ್ತಿಯ ಮಾದರಿಯಲ್ಲಿ ಬರುವ ಬೋರ್ಗ್‌ವಾರ್ನರ್ ಕೆಪಿ35, ಇದಕ್ಕಿಂತ ವಾಸಿ. ಅದೂ 1.3 ಲೀಟರ್ ಪೆಟ್ರೋಲಿಗೆ ಚಿಕ್ಕದೇ. ಬೇಗ ಒತ್ತಡ ಕಟ್ಟುತ್ತದೆ, ಮೇಲಿನ ಆರ್‌ಪಿಎಂನಲ್ಲಿ ಉಸಿರುಗಟ್ಟಿಸುತ್ತದೆ.

ಇದಕ್ಕಿಂತ ಒಳ್ಳೆಯ ಆಯ್ಕೆ ಈಗ ನಮ್ಮ ಗುಜರಿಗಳಿಗೆ ಬರತೊಡಗಿರುವ ಟರ್ಬೊ ಪೆಟ್ರೋಲ್ ಕಾರುಗಳದ್ದು. 2017ರ ಬಲೆನೊ ಆರ್‌ಎಸ್‌ನ ಒಂದು ಲೀಟರ್ ಬೂಸ್ಟರ್‌ಜೆಟ್ 102 ಅಶ್ವಶಕ್ತಿಯದು. ಪೆಟ್ರೋಲ್ ಎಂಜಿನ್ನಿನ ಶಕ್ತಿ ಅದು ಸೇವಿಸುವ ಗಾಳಿಯ ತೂಕಕ್ಕೆ ತಕ್ಕಂತೆ ಇರುತ್ತದೆ. 100 ಅಶ್ವಶಕ್ತಿಯ ಗುರಿ ಇಟ್ಟುಕೊಂಡವರಿಗೆ 102 ಅಶ್ವಶಕ್ತಿ ಕೊಟ್ಟ ಟರ್ಬೊ ಅಳತೆಗೆ ಹತ್ತಿರವಾಗುತ್ತದೆ. ಲೋಹವೂ ಪೆಟ್ರೋಲ್ ಶಾಖಕ್ಕೆಂದೇ ಆರಿಸಿದ್ದು. ಬೆಲೆ ಹೆಚ್ಚು ಹೇಳುತ್ತಾರೆ. ಆ ವ್ಯತ್ಯಾಸ ಕೊಡುವುದು ಲಾಭದ ವ್ಯಾಪಾರ.

ಕೈಗೆತ್ತಿಕೊಂಡ ಟರ್ಬೊವನ್ನು ಪರೀಕ್ಷಿಸಲು ಉಪಕರಣ ಬೇಕಿಲ್ಲ. ಗಾಳಿಯ ಕಡೆಯ ಚಕ್ರದ ನಡುವಿನ ನಟ್ಟನ್ನು ಎರಡು ಬೆರಳಿನಲ್ಲಿ ಹಿಡಿದು ಒಳಕ್ಕೆ, ಹೊರಕ್ಕೆ ಎಳೆದು ನೋಡಿ. ಅಲುಗಾಟ ಬೆರಳಿಗೆ ಗೊತ್ತಾದರೆ ಥ್ರಸ್ಟ್ ಬೇರಿಂಗ್ ಹೋಗಿದೆ, ಕೆಳಗಿಡಿ. ಪಕ್ಕಕ್ಕೆ ಸ್ವಲ್ಪ ಅಲುಗಾಡುವುದು ಸಹಜ, ಎಣ್ಣೆಯ ಪದರಕ್ಕೆ ಬಿಟ್ಟ ಜಾಗ ಅದು. ಆದರೆ ಹಾಗೆ ಒತ್ತಿ ಹಿಡಿದು ತಿರುಗಿಸಿದಾಗ ಚಕ್ರದ ಅಂಚು ಕವಚಕ್ಕೆ ಉಜ್ಜಬಾರದು. ಮೊಬೈಲಿನ ಟಾರ್ಚ್ ಹಾಕಿ ಅಂಚುಗಳನ್ನು ಒಂದೊಂದಾಗಿ ನೋಡಿ. ಕಲ್ಲು, ಮರಳು ಬಡಿದ ಗಾಯಗಳಿದ್ದರೆ ಆ ಕಾರು ಏರ್ ಫಿಲ್ಟರ್ ಇಲ್ಲದೆ ಓಡಿದೆ. ಹೊಗೆಯ ಕಡೆಯ ಎರಕದ ಕವಚದಲ್ಲಿ ವೇಸ್ಟ್‌ಗೇಟ್ ತೂತಿನ ಸುತ್ತ ಬಿರುಕು ಹುಡುಕಿ. ಗಾಳಿಯ ಕಡೆ ಕಪ್ಪೆಣ್ಣೆ ಮೆತ್ತಿಕೊಂಡಿದ್ದರೆ ಸೀಲ್ ಅನುಮಾನ.

ಡೀಸೆಲ್ ಟರ್ಬೊ ತಂದವರು ಒಂದು ವಿಷಯ ಮರೆಯುತ್ತಾರೆ. ಅದರ ವೇಸ್ಟ್‌ಗೇಟ್ ಆಕ್ಚುಯೇಟರಿನ ಸ್ಪ್ರಿಂಗ್ ಡೀಸೆಲಿಗೆ ಬೇಕಾದ ಒಂದು ಬಾರ್ ಆಸುಪಾಸಿನ ಒತ್ತಡಕ್ಕೆ ಹೊಂದಿಸಿದ್ದು. ಸ್ಪ್ರಿಂಗಿನ ಮಿತಿಗಿಂತ ಕೆಳಗೆ ಒತ್ತಡ ಇಳಿಸಲು ಯಾವ ಎಲೆಕ್ಟ್ರಾನಿಕ್ಸ್‌ಗೂ ಆಗುವುದಿಲ್ಲ. 0.4 ಬಾರ್‌ನ ಮೆದು ಸ್ಪ್ರಿಂಗ್ ಇರುವ ಆಕ್ಚುಯೇಟರ್ ಹಾಕಬೇಕು. ಕಂಪ್ರೆಸರ್ ಗಾಳಿಯನ್ನು ಸಣ್ಣ ಪೈಪಿನಲ್ಲಿ ಕೊಟ್ಟು, ಕಡ್ಡಿ ಯಾವ ಒತ್ತಡಕ್ಕೆ ಅಲುಗುತ್ತದೆ ಎಂದು ಟೇಬಲ್ಲಿನ ಮೇಲೇ ಪರೀಕ್ಷಿಸಿ ನಂತರ ಕಾರಿಗೆ ಜೋಡಿಸಬೇಕು.

ಪೈಪು, ವೆಲ್ಡಿಂಗು, ಎಣ್ಣೆ

ಮನೆಯ ಕೈಕೆಲಸಕ್ಕೆ ನಿಜವಾದ ಅವಕಾಶ ಇರುವುದು ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ. ಸೈಲೆನ್ಸರ್ ಅಂಗಡಿಯ ತೆಳು ಪೈಪು ಇಲ್ಲಿ ನಡೆಯುವುದಿಲ್ಲ. ಕೆಂಪಗೆ ಕಾಯ್ದು, ಮತ್ತೆ ತಣ್ಣಗಾಗಿ, ಮೇಲೆ ಟರ್ಬೊ ಭಾರವನ್ನೂ ಹೊತ್ತು ತಿಂಗಳೊಳಗೆ ಬಿರುಕು ಬಿಡುತ್ತದೆ. ಕಾರ್ಖಾನೆಗಳ ಹಬೆ ಕೊಳವೆಗೆ ಬಳಸುವ ಷೆಡ್ಯೂಲ್ 40 ಪೈಪಿನ ಎಲ್ಬೋಗಳು ಇದಕ್ಕೆ ತಕ್ಕವು. ಒಂದೂಕಾಲು ಇಂಚಿನ ಪೈಪಿನ ಗೋಡೆಯೇ 3.56 ಮಿಲಿಮೀಟರ್ ದಪ್ಪ. ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕದ ಬೆಲೆಗೆ ಸಿಗುವ ಮೈಲ್ಡ್ ಸ್ಟೀಲ್, ವೆಲ್ಡಿಂಗಿಗೂ ಸುಲಭ. ಹೆಡ್ಡಿಗೆ ಕೂರುವ ಫ್ಲಾಂಜನ್ನು 10 ಅಥವಾ 12 ಮಿಲಿಮೀಟರ್ ದಪ್ಪದ ಪ್ಲೇಟಿನಲ್ಲಿ ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಲೇಸರ್ ಕಟಿಂಗ್ ಅಂಗಡಿಯಲ್ಲಿ ಕತ್ತರಿಸಿಕೊಡುತ್ತಾರೆ. ಹಳೆಯ ಗ್ಯಾಸ್ಕೆಟ್ಟನ್ನೇ ಅಳತೆಗೆ ಕೊಡಬಹುದು. ವೆಲ್ಡಿಂಗ್ ಮಾಡುವಾಗ ಫ್ಲಾಂಜನ್ನು ದಪ್ಪ ಕಬ್ಬಿಣಕ್ಕೋ ಹಾಳು ಹೆಡ್ಡಿಗೋ ಬೋಲ್ಟ್ ಹಾಕಿ ಬಿಗಿದಿರಬೇಕು. ಅಷ್ಟು ಮಾಡಿದರೂ ಅದು ಸ್ವಲ್ಪ ಬಾಗುತ್ತದೆ. ಕೊನೆಗೆ ಸರ್ಫೇಸ್ ಗ್ರೈಂಡಿಂಗ್ ಮಾಡಿಸಿದರೆ ಮಾತ್ರ ಹೊಗೆ ಸೋರದು. ಟರ್ಬೊ ಭಾರವನ್ನು ಬ್ಲಾಕಿಗೆ ದಾಟಿಸುವ ಒಂದು ಬ್ರಾಕೆಟ್ ಹಾಕಿಸಿ. ಅಲ್ಪ ಖರ್ಚಿನ ಈ ತುಂಡು ಮ್ಯಾನಿಫೋಲ್ಡಿನ ಆಯಸ್ಸನ್ನು ಹಿಗ್ಗಿಸುತ್ತದೆ.

ಎಣ್ಣೆ ಬರುವ ದಾರಿ ಸುಲಭ. ಆಯಿಲ್ ಪ್ರೆಷರ್ ಸ್ವಿಚ್ ಇರುವ ಜಾಗದಿಂದ ಒಂದು ಟೀ ಹಾಕಿ ಸ್ಟೀಲ್ ಜಾಲರಿಯ ಹೋಸಿನಲ್ಲಿ ಕೊಡಬಹುದು. ಹೆಚ್ಚಿನವರು ಎಡವುವುದು ಎಣ್ಣೆ ಹಿಂತಿರುಗುವ ದಾರಿಯಲ್ಲಿ. ಟರ್ಬೊದಿಂದ ಕೆಳಗೆ ಬೀಳುವ ಎಣ್ಣೆಗೆ ಒತ್ತಡವಿಲ್ಲ, ನೊರೆ ತುಂಬಿರುತ್ತದೆ, ಭೂಮಿಯ ಸೆಳೆತದಿಂದಷ್ಟೇ ಇಳಿಯಬೇಕು. ಅದಕ್ಕೆ ದಪ್ಪನೆಯ ಪೈಪು, ಎಲ್ಲಿಯೂ ಮೇಲಕ್ಕೆ ಹತ್ತದ ಇಳಿಜಾರು, ಎಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ಸಂಪಿನಲ್ಲಿ ಎಣ್ಣೆ ಮಟ್ಟಕ್ಕಿಂತ ಮೇಲೆ ಸೇರುವ ಬಾಯಿ ಬೇಕು. ಸಂಪನ್ನು ಬಿಚ್ಚಿ ತೂತು ಕೊರೆದು ಪೈಪಿನ ಬಾಯಿಯನ್ನು ವೆಲ್ಡ್ ಮಾಡಿಸುವುದು ಬೇಸರದ ಕೆಲಸ, ನಿಜ. ಆದರೆ ಈ ದಾರಿ ಕಟ್ಟಿಕೊಂಡರೆ ಎಣ್ಣೆ ಸೀಲ್ ದಾಟಿ ಸೈಲೆನ್ಸರಿಗೆ ಇಳಿದು ನೀಲಿ ಹೊಗೆ ಕಕ್ಕುತ್ತದೆ. ಎಷ್ಟೋ ಒಳ್ಳೆಯ ಟರ್ಬೊಗಳು 'ಸೀಲ್ ಹೋಗಿದೆ' ಎಂಬ ತಪ್ಪು ತೀರ್ಮಾನಕ್ಕೆ ಬಲಿಯಾಗುವುದು ಹೀಗೆ. ಕ್ರ್ಯಾಂಕ್‌ಕೇಸಿನ ಗಾಳಿ ಹೊರಹೋಗುವ ಪಿಸಿವಿ ಹೋಸಿಗೂ, ಬ್ರೇಕ್ ಬೂಸ್ಟರ್ ಹೋಸಿಗೂ ಗಟ್ಟಿ ಚೆಕ್ ವಾಲ್ವ್ ಇರಲಿ. ಇಲ್ಲವಾದರೆ ಟರ್ಬೊ ಒತ್ತಡ ಅಲ್ಲಿಗೂ ನುಗ್ಗುತ್ತದೆ.

ಕುರುಡು ಇಸಿಯು

ಇಷ್ಟರವರೆಗೆ ಆದದ್ದು ಕಬ್ಬಿಣದ ಕೆಲಸ. ಎಂಜಿನ್ ಬದುಕುತ್ತದೋ ಸಾಯುತ್ತದೋ ಎಂಬುದು ಮುಂದಿನದರಲ್ಲಿದೆ.

ಇಂತಹ ಕಾರಿನ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಗಾಳಿಯ ಒತ್ತಡವನ್ನು ಮ್ಯಾಪ್ ಸೆನ್ಸರಿನಿಂದ ತಿಳಿಯುತ್ತದೆ. ಟರ್ಬೊ ಇಲ್ಲದ ಕಾರಿನ ಸೆನ್ಸರ್ ಹೊರಗಿನ ಗಾಳಿಯ ಒತ್ತಡದವರೆಗೆ ಅಳೆಯಲು ಮಾಡಿದ್ದು. ಅದರಾಚೆಗೆ ಟರ್ಬೊ ಎಷ್ಟು ತಳ್ಳಿದರೂ ಇಸಿಯು ಪಾಲಿಗೆ ಅದು ಇಲ್ಲ. ಗಾಳಿ ಶೇ 36 ಹೆಚ್ಚಾಗಿರುತ್ತದೆ, ಪೆಟ್ರೋಲ್ ಹಳೆಯ ಲೆಕ್ಕದಲ್ಲೇ ಬರುತ್ತದೆ. ಮಿಶ್ರಣ ತೆಳುವಾಗಿ, ಶಾಖ ಏರಿ, ಕಿಡಿ ಹೊತ್ತಿಸಿದ ಜ್ವಾಲೆ ಮುಟ್ಟುವ ಮೊದಲೇ ಸಿಲಿಂಡರಿನ ಮೂಲೆಯ ಮಿಶ್ರಣ ತಾನಾಗಿ ಸ್ಫೋಟಿಸುತ್ತದೆ. ಅದೇ ನಾಕಿಂಗ್. ಟರ್ಬೊ ಇಲ್ಲದ ಕಾರಿನಲ್ಲಿ ಟಕ್ ಟಕ್ ಸದ್ದು ಕೇಳಿ ಆಕ್ಸಿಲರೇಟರ್ ಬಿಡಲು ಸಮಯ ಇರುತ್ತದೆ. ಟರ್ಬೊ ಒತ್ತಡದಲ್ಲಿ ಕೆಲವೇ ಸೆಕೆಂಡಿನಲ್ಲಿ ಪಿಸ್ಟನ್ನಿನ ರಿಂಗ್‌ಗಳ ನಡುವಿನ ಅಂಚು ಮುರಿದುಬಿಡಬಹುದು.

ಹಿಂದೆ ಇದಕ್ಕೊಂದು ಅಗ್ಗದ ಉಪಾಯ ಇತ್ತು. ಟರ್ಬೊ ಒತ್ತಡ ಏರಿದಂತೆ ಪೆಟ್ರೋಲ್ ಒತ್ತಡವನ್ನು ಅದರ ಹಲವು ಪಟ್ಟು ಏರಿಸುವ ರೆಗ್ಯುಲೇಟರ್ ಹಾಕಿ, ಹಳೆಯ ಇಂಜೆಕ್ಟರಿನಿಂದಲೇ ಹೆಚ್ಚು ಪೆಟ್ರೋಲ್ ಹಿಂಡುವುದು. ಹಳೆಯ ಪಂಪಿಗೆ ಅದು ಭಾರ, ಕಿಡಿಯ ಸಮಯವನ್ನೂ ಅದು ಸರಿಪಡಿಸದು. ಇವತ್ತು ಆ ದಾರಿ ಹಿಡಿಯಲು ಕಾರಣವೇ ಇಲ್ಲ. ಅಮೆರಿಕದ ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೊ ರೂಪಿಸಿದ, ಕೈಯಲ್ಲೇ ಬೆಸುಗೆ ಹಾಕಿ ಜೋಡಿಸಿಕೊಳ್ಳಬಹುದಾದ ಮೆಗಾಸ್ಕ್ವರ್ಟ್ ಇಸಿಯು ಮನೆಯ ಟರ್ಬೊಗಳ ಚರಿತ್ರೆಯನ್ನೇ ಬದಲಿಸಿತು. ಅದರ ಜೊತೆ ಬಳಸುವ ಮ್ಯಾಪ್ ಸೆನ್ಸರ್ 2.5 ಬಾರ್‌ವರೆಗೆ ಅಳೆಯುತ್ತದೆ. ನಂತರ ಬಂದ ಸ್ಪೀಡ್ಯುಯಿನೊ ಎಲ್ಲ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಕಾಣುವ ಆರ್ಡುಯಿನೊ ಮೆಗಾ ಬೋರ್ಡಿನ ಮೇಲೇ ಓಡುತ್ತದೆ, ತಂತ್ರಾಂಶ ಮುಕ್ತ. ಎಲೆಕ್ಟ್ರಾನಿಕ್ಸ್ ಓದಿದ ಗೆಳೆಯನೊಬ್ಬ ಜೊತೆಗಿದ್ದರೆ ಬಜೆಟ್ ಉಳಿಯುವುದು ಇಲ್ಲಿ.

ಇಂಜೆಕ್ಟರಿನ ಲೆಕ್ಕ ಕಷ್ಟದ್ದಲ್ಲ. ಟರ್ಬೊ ಎಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಕುಡಿಯುತ್ತದೆ. 100 ಅಶ್ವಶಕ್ತಿಗೆ 27 ಕಿಲೊ, ನಾಲ್ಕು ಇಂಜೆಕ್ಟರಿಗೆ ಹಂಚಿದರೆ ತಲಾ ನಿಮಿಷಕ್ಕೆ 150 ಸಿಸಿಗಿಂತ ತುಸು ಹೆಚ್ಚು. ಇಂಜೆಕ್ಟರ್ ಶೇ 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು ಎಂಬ ನಿಯಮ ಸೇರಿಸಿದರೆ ಬೇಕಾದದ್ದು 190 ಸಿಸಿ. 240 ಸಿಸಿಯವು ಸಿಕ್ಕರೆ ನಿಶ್ಚಿಂತೆ. ಇಂಜೆಕ್ಟರ್ ಕ್ಲೀನ್ ಮಾಡುವ ಅಂಗಡಿಗಳಲ್ಲಿ ನಾಲ್ಕನ್ನೂ ಗಾಜಿನ ಕೊಳವೆಗಳ ಮೇಲೆ ಕೂರಿಸಿ ಹರಿವು ಅಳೆದುಕೊಡುತ್ತಾರೆ. ಗುಜರಿಯಿಂದ ತಂದವನ್ನು ಈ ಪರೀಕ್ಷೆ ಇಲ್ಲದೆ ಹಾಕಬೇಡಿ. ನಾಲ್ಕರಲ್ಲಿ ಒಂದು ಕಡಿಮೆ ಸುರಿದರೆ ಆ ಸಿಲಿಂಡರಿನ ಪಿಸ್ಟನ್ನೇ ಮೊದಲು ಹೋಗುವುದು.

ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಇಲ್ಲದೆ ಟ್ಯೂನಿಂಗ್ ಮಾಡುವುದು ಜೂಜು. ಬಾಷ್‌ನ ಎಲ್‌ಎಸ್‌ಯು 4.9 ಸೆನ್ಸರ್ ಮತ್ತು ಅದರ ನಿಯಂತ್ರಕ ನನ್ನ ಪಟ್ಟಿಯಲ್ಲಿ ಟರ್ಬೊಗಿಂತ ಮೊದಲು ಬರುತ್ತದೆ. ಒತ್ತಡದಲ್ಲಿ ಲ್ಯಾಂಬ್ಡಾ (ಗಾಳಿ, ಪೆಟ್ರೋಲ್ ಸಮತೋಲದಲ್ಲಿದ್ದರೆ ಅದು 1) 0.8ರ ಆಸುಪಾಸು ಇರಲಿ. ಅಪ್ಪಟ ಪೆಟ್ರೋಲಿನಲ್ಲಿ ಅದು 11.8ಕ್ಕೆ 1ರ ಮಿಶ್ರಣ. ಈಗ ನಮ್ಮ ಬಂಕುಗಳಲ್ಲಿ ಬರುವ, ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಸಮತೋಲದ ಅಂಕಿಯೇ 14.7ರಿಂದ ಸುಮಾರು 13.5ಕ್ಕೆ ಇಳಿದಿದೆ. ಆದ್ದರಿಂದ ಹಳೆಯ ಪುಸ್ತಕಗಳ ಅನುಪಾತ ನಂಬದೆ ಲ್ಯಾಂಬ್ಡಾ ಲೆಕ್ಕದಲ್ಲೇ ಕೆಲಸ ಮಾಡಿ. ಎಥನಾಲ್ ಆವಿಯಾಗುವಾಗ ಗಾಳಿಯನ್ನು ತಣಿಸುತ್ತದೆ, ನಾಕಿಂಗನ್ನೂ ತಡೆಯುತ್ತದೆ. ಟರ್ಬೊಗೆ ಅದು ಅನುಕೂಲ. ಆದರೆ ಎಸ್ಟೀಮ್ ಕಾಲದ ರಬ್ಬರ್ ಹೋಸು, ಸೀಲುಗಳು ಎಥನಾಲಿಗೆ ಮಾಡಿದವಲ್ಲ. ಎಲ್ಲವನ್ನೂ ಬದಲಿಸಬೇಕು. ಒತ್ತಡ ಏರಿದಾಗ ಪ್ರತಿ ಪೌಂಡಿಗೆ ಕಿಡಿಯನ್ನು ಒಂದು ಡಿಗ್ರಿಯಷ್ಟು ತಡವಾಗಿಸುವುದು ಸುರಕ್ಷಿತ ಆರಂಭ. ಪ್ಲಗ್ಗಿನ ಗ್ಯಾಪನ್ನು 0.7 ಅಥವಾ 0.8 ಮಿಲಿಮೀಟರಿಗೆ ಕಿರಿದು ಮಾಡಿ, ಒಂದು ಹಂತ ತಣ್ಣನೆಯ ಪ್ಲಗ್ ಹಾಕಿ. ಟ್ಯೂನಿಂಗನ್ನು ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ, ಅನುಭವಿಯ ಕೈಯಲ್ಲಿ ಮಾಡಿಸಿ. ಇಡೀ ಬಜೆಟ್ಟಿನ ಮೂರರಲ್ಲೊಂದು ಪಾಲನ್ನು ಇಸಿಯು, ಸೆನ್ಸರ್, ಟ್ಯೂನಿಂಗಿಗೆಂದೇ ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಕಬ್ಬಿಣದ ಕೆಲಸ ಮುಗಿಯುತ್ತದೆಯೇ ನೋಡಿ.

ಕಾನೂನು ಏನನ್ನುತ್ತದೆ

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಿಗದಿ ಮಾಡಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಸೆಕ್ಷನ್ ಅಡಿ ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಬಹುದು. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆ ಅಪಘಾತದ ದಿನ ಪರಿಹಾರ ನಿರಾಕರಿಸಲು ಕಾರಣವಾಗಬಹುದು. ಎಮಿಷನ್ ಟೆಸ್ಟ್‌ನಲ್ಲಿ ಪಾಸಾಯಿತು ಎಂಬುದು ಸಮಜಾಯಿಷಿ ಅಲ್ಲ. ಆ ಪರೀಕ್ಷೆ ನಡೆಯುವುದು ಕಾರು ನಿಂತಿರುವಾಗ, ಟರ್ಬೊ ಒತ್ತಡ ಕಟ್ಟದಿರುವಾಗ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಬಿಸಾಡುವ ಕೆಟ್ಟ ಚಾಳಿಯನ್ನಂತೂ ಯಾರೂ ಮಾಡಬಾರದು. ಆ ಹೊಗೆ ಕುಡಿಯುವವರು ನಮ್ಮದೇ ಬೀದಿಯ ಮಕ್ಕಳು.

ಇದು ಅತಿ ಬಿಗಿಯಾಯಿತು ಎಂದು ನನಗೂ ಅನ್ನಿಸುತ್ತದೆ. ಕಾರನ್ನು ತಂದು ತೋರಿಸಿ, ಬ್ರೇಕು, ಹೊಗೆ, ಸದ್ದು ಪರೀಕ್ಷೆಗೆ ಒಳಪಡಿಸಿ, ಶುಲ್ಕ ಕಟ್ಟಿ ಒಪ್ಪಿಗೆ ಪಡೆಯುವ ಒಂದು ದಾರಿ ನಮ್ಮಲ್ಲೂ ಇದ್ದಿದ್ದರೆ ಕದ್ದುಮುಚ್ಚಿ ಮಾಡುವ ಕಳಪೆ ಕೆಲಸ ಕಡಿಮೆಯಾಗುತ್ತಿತ್ತು, ಕೈಕೆಲಸ ಬಲ್ಲ ಹುಡುಗರಿಗೆ ಬೆಲೆ ಸಿಗುತ್ತಿತ್ತು. ಆ ದಾರಿ ತೆರೆಯುವವರೆಗೆ ಇಂತಹ ಕಾರಿಗೆ ಜಾಗ ಇರುವುದು ಟ್ರ್ಯಾಕಿನಲ್ಲಿ, ದೇಶದ ಮೋಟರ್ ಕ್ರೀಡಾ ಸಂಸ್ಥೆ ಎಫ್‌ಎಂಎಸ್‌ಸಿಐ ಮಾನ್ಯತೆಯ ಸ್ಪರ್ಧೆಗಳಲ್ಲಿ. ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯ ಟ್ರ್ಯಾಕೂ, ಕೊಯಮತ್ತೂರಿನ ಕರಿ ಸ್ಪೀಡ್‌ವೇಯೂ ಬೆಂಗಳೂರಿನಿಂದ ಒಂದು ದಿನದ ಹಾದಿ. ಹೋಗುವ ಮುನ್ನ ಸ್ಪರ್ಧೆಯ ನಿಯಮ ಓದಿಕೊಳ್ಳಿ. ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ಲೆಕ್ಕದಲ್ಲಿ ಟರ್ಬೊ ಪೆಟ್ರೋಲ್ ಎಂಜಿನ್ನಿನ ಸಿಸಿಯನ್ನು 1.7ರಿಂದ ಗುಣಿಸುತ್ತಾರೆ. 1298 ಸಿಸಿಯ ಎಸ್ಟೀಮ್ ಆಗ 2200 ದಾಟಿ ದೊಡ್ಡ ಕಾರುಗಳ ಜೊತೆ ನಿಲ್ಲಬೇಕಾಗುತ್ತದೆ.

ಗುಜರಿಯ ಟರ್ಬೊ ಎಲ್ಲಿಗೂ ಹೋಗುವುದಿಲ್ಲ. ಈ ವಾರ ಕಂಪ್ರೆಷನ್ ಟೆಸ್ಟ್ ಮಾಡಿಸಿ, ನಾಲ್ಕು ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಮುಂದಿನದನ್ನು ಅವು ಹೇಳುತ್ತವೆ.